ಪರೇಲಿನಲ್ಲಿ ಮಾತ್ರ ಸ್ಟಾರ್ಟ್ ಆಗದ ವ್ಯಾನ್

ಆ ವ್ಯಾನ್ ನನ್ನ ಗ್ಯಾರೇಜಿನಲ್ಲಿ ಒಂದು ಸಲವೂ ಕೈಕೊಡಲಿಲ್ಲ. ಕೀ ತಿರುಗಿಸಿದರೆ ಸಾಕು, ಸ್ಟಾರ್ಟ್ ಆಗುತ್ತಿತ್ತು. ಮುಂಬಯಿಯ ಪರೇಲಿನ ಆಸ್ಪತ್ರೆಯ ಎದುರು, ರೋಗಿಗಳು ಹತ್ತಿ ಕುಳಿತು ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ಅದಕ್ಕೆ ಜೀವವೇ ಇರುತ್ತಿರಲಿಲ್ಲ. ಅದೂ ದಿನಾ ಅಲ್ಲ. ಒಂದು ವಾರ ಎರಡು ಮೂರು ಸಲ ಹೀಗಾದರೆ ಮುಂದಿನ ವಾರವಿಡೀ ಏನೂ ಆಗುತ್ತಿರಲಿಲ್ಲ. ನಾನು ಗಾಡಿಗಳ ಎಲೆಕ್ಟ್ರಿಕ್ ಕೆಲಸದವನು. ಪೂರ್ತಿ ಕೆಟ್ಟು ನಿಂತ ಗಾಡಿಗೆ ನಾವು ಹೆದರುವುದಿಲ್ಲ. ಒಮ್ಮೆ ಆಗಿ ಇನ್ನೊಮ್ಮೆ ಆಗದ ಗಾಡಿಯೇ ನಮ್ಮ ನಿದ್ದೆ ಕೆಡಿಸುವುದು.

ಘಾಟ್ಕೋಪರಿನಲ್ಲಿ ನನ್ನ ಗ್ಯಾರೇಜಿನಿಂದ ಸ್ವಲ್ಪವೇ ದೂರದಲ್ಲಿ ಒಂದು ಟ್ರಸ್ಟಿನ ವಸತಿಗೃಹವಿದೆ. ಬೇರೆ ಬೇರೆ ಊರುಗಳಿಂದ ಕ್ಯಾನ್ಸರ್ ಚಿಕಿತ್ಸೆಗೆ ಬಂದವರು ಅಲ್ಲಿ ತಿಂಗಳುಗಟ್ಟಲೆ ಉಳಿಯುತ್ತಾರೆ. ಅವರನ್ನು ಪರೇಲಿಗೆ ಒಯ್ದು ಕರೆತರುವುದು ಈ ಡೀಸೆಲ್ ವ್ಯಾನಿನ ಕೆಲಸ. ಬೆಳಿಗ್ಗೆ ಒಂದು ಸುತ್ತು. ಬಿಸಿಲೇರಿದ ಮೇಲೆ ಇನ್ನೊಂದು ಸುತ್ತು. ಆಗ ಹೊಸಬರನ್ನು ಇಳಿಸಿ, ಚಿಕಿತ್ಸೆ ಮುಗಿಸಿ ಸುಸ್ತಾಗಿ ಕಾಯುತ್ತಿದ್ದವರನ್ನು ಹತ್ತಿಸಿಕೊಂಡು ಬರಬೇಕು. ಕೈಕೊಡುತ್ತಿದ್ದುದು ಹೆಚ್ಚಾಗಿ ಈ ಎರಡನೇ ಸುತ್ತಿನಲ್ಲಿ.

ಡ್ರೈವರ್ ವಿಜಯಪುರ ಕಡೆಯವನು. ಮೊದಲ ಸಲ ದೂರು ತಂದಾಗ ಅವನು ಹೇಳಿದ್ದನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು.

"ಅಣ್ಣಾರ, ಚಾವಿ ತಿರುವಿದ್ರ ಗಪ್ಪಂತ ಕುಂತ ಬಿಡತೈತ್ರಿ. ಟಕ್ ಅಂತನೂ ಸಪ್ಪಳ ಬರಾಂಗಿಲ್ಲ. ಹೆಡ್‌ಲೈಟ್ ಹಚ್ಚಿದ್ರ ಚಲೋ ಉರೀತಾವ."

"ಕೀ ತಿರುಗಿಸಿದಾಗ ಲೈಟು ಮಂದ ಆಗ್ತದಾ?"

"ಒಂಚೂರೂ ಆಗಾಂಗಿಲ್ರಿ."

ಬ್ಯಾಟರಿ ಸೋತಿದ್ದರೆ ಲೈಟು ಕುಗ್ಗಬೇಕು. ಕುಗ್ಗಲಿಲ್ಲವೆಂದರೆ ಬ್ಯಾಟರಿಯಲ್ಲಿ ಶಕ್ತಿಯಿದೆ, ಅದನ್ನು ಯಾರೂ ಬಳಸುತ್ತಿಲ್ಲ ಎಂದರ್ಥ. ಒಂದೋ ಕೀಯಿಂದ ಹೊರಟ ಕರೆಂಟು ಇಂಜಿನ್ನನ್ನು ಮೊದಲು ತಿರುಗಿಸುವ ಸ್ಟಾರ್ಟರ್ ಮೋಟರಿಗೆ ತಲುಪುತ್ತಿಲ್ಲ, ಇಲ್ಲವೇ ತಲುಪಿಯೂ ಸ್ಟಾರ್ಟರ್ ಏಳುತ್ತಿಲ್ಲ. ಇರುವುದು ಎರಡೇ ದಾರಿ. ನಾನು ಎರಡನೆಯದನ್ನು ಯೋಚಿಸಲೇ ಇಲ್ಲ. ಯಾಕೆಂದರೆ ಸ್ಟಾರ್ಟರ್ ಹೊಸತು. ಆ ವರ್ಷ ಮಳೆಗಾಲ ಮುಗಿದ ಮೇಲೆ ಹಳೆಯದನ್ನು ತೆಗೆದು ನಾನೇ ಕೂರಿಸಿದ್ದೆ. ತಂದದ್ದು ನನ್ನ ಗೆಳೆಯನ ಅಂಗಡಿಯಿಂದ.

ಈ ಗೆಳೆಯನಿಗೆ ದಾದರಿನಲ್ಲಿ ಗಾಡಿಗಳ ಬಿಡಿಭಾಗಗಳ ಅಂಗಡಿ. ನಾವಿಬ್ಬರೂ ಉಡುಪಿ ಕಡೆಯಿಂದ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಹೋಟೆಲಿನಲ್ಲಿ ಟೇಬಲ್ ಒರೆಸಿ, ಅದರ ಅಟ್ಟದಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು. ನನಗೆ ಕಾಮಾಲೆ ಬಂದು ಹೋಟೆಲಿನವರು ಊರಿಗೆ ಹೋಗು ಎಂದಾಗ, ತನ್ನ ಕೆಲಸದ ನಡುವೆ ಮೆಟ್ಟಿಲು ಹತ್ತಿ ಬಂದು ಗಂಜಿ ಕುಡಿಸಿದವನು ಅವನು. ನಾನು ಗ್ಯಾರೇಜು ಹಾಕಿದ ಮೇಲೆ ಒಂದು ಫ್ಯೂಸ್ ಬೇಕಾದರೂ ಅವನಲ್ಲಿಗೇ ಹೋಗುತ್ತಿದ್ದೆ. ಅವನು ಕೊಟ್ಟ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಬರುವುದೇ ಹೊರತು ಇದು ಅಸಲಿಯೋ ನಕಲಿಯೋ ಎಂದು ಕೇಳಿದವನಲ್ಲ.

ಹಾಗಾಗಿ ಮೊದಲ ದಾರಿಯನ್ನೇ ಹಿಡಿದೆ. ಬ್ಯಾಟರಿಯ ಟರ್ಮಿನಲ್ ಉಜ್ಜಿದೆ. ಇಂಜಿನ್ನಿನಿಂದ ಗಾಡಿಯ ಚೌಕಟ್ಟಿಗೆ ಹೋಗುವ ಅರ್ಥಿಂಗ್ ಪಟ್ಟಿ ಬಿಚ್ಚಿ, ತುಕ್ಕು ಕೆರೆದು, ಬಿಗಿದೆ. ವ್ಯಾನ್ ಐದಾರು ದಿನ ಚೆನ್ನಾಗಿ ಓಡಿತು. ಆಮೇಲೆ ಪರೇಲಿನಿಂದ ಫೋನು ಬಂತು. ಕೀಯ ಹಿಂದಿನ ಇಗ್ನಿಷನ್ ಸ್ವಿಚ್ ಬದಲಿಸಿದೆ. ಮತ್ತೆ ಸ್ವಲ್ಪ ದಿನ ನೆಮ್ಮದಿ, ಮತ್ತೆ ಫೋನು. ನಡುವೆ ಕರೆಂಟು ದಾಟಿಸುವ ರಿಲೇ ಬದಲಿಸಿದೆ. ಪ್ರತಿ ಸಲ ಫೋನು ಬಂದಾಗ ನಾನು ಸ್ಕೂಟರಿನಲ್ಲಿ ಪರೇಲಿಗೆ ಓಡುತ್ತಿದ್ದೆ. ಟ್ರಾಫಿಕ್ ದಾಟಿ ತಲುಪುವಷ್ಟರಲ್ಲಿ ರೋಗಿಗಳ ಕಡೆಯವರೆಲ್ಲ ಸೇರಿ ವ್ಯಾನನ್ನು ತಳ್ಳಿ ಸ್ಟಾರ್ಟ್ ಮಾಡಿ ಹೊರಟಿರುತ್ತಿದ್ದರು. ಇಲ್ಲವಾದರೆ ನಾನು ಬಂದು ಕೀ ತಿರುಗಿಸಿದ ಕೂಡಲೇ ಅದು ಏನೂ ಆಗದಂತೆ ಸ್ಟಾರ್ಟ್ ಆಗುತ್ತಿತ್ತು. ಡ್ರೈವರ್ ನನ್ನ ಮುಖ ನೋಡುತ್ತಿದ್ದ. ನಾನು ಅವನ ಮುಖ ನೋಡುತ್ತಿದ್ದೆ.

ರಿಲೇ ತರಲು ದಾದರಿಗೆ ಹೋದಾಗ ಗೆಳೆಯ ಚಹಾ ತರಿಸಿ ಎಲ್ಲವನ್ನೂ ವಿವರವಾಗಿ ಕೇಳಿದ.

"ವೈರಿಂಗ್ ನೋಡು ಮಾರಾಯ. ಹಳೇ ಗಾಡಿ. ಒಳಗೆ ಎಲ್ಲೋ ತಂತಿ ಮುರಿದಿರ್ತದೆ, ಅಲುಗಾಡಿದಾಗ ಬಿಡ್ತದೆ."

"ಸ್ಟಾರ್ಟರ್‌ನಲ್ಲೇ ಏನಾದರೂ ಇರಬಹುದಾ?"

"ಹೊಸತಲ್ವಾ ಅದು! ಅದನ್ನು ಬಿಟ್ಟು ಬೇರೆ ನೋಡು."

ನಾನು ಬೇರೆ ನೋಡಿದೆ. ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ಮಲಗಿ, ಕೀಯಿಂದ ಇಂಜಿನ್ನಿನವರೆಗೆ ಹೋಗುವ ತಂತಿಗಳ ಕಟ್ಟಿನ ಟೇಪು ಬಿಚ್ಚಿ ಒಂದೊಂದನ್ನೂ ಎಳೆದು, ಬಗ್ಗಿಸಿ, ಮೀಟರ್ ಹಿಡಿದು ನೋಡಿದೆ. ಇಲಿ ಕಚ್ಚಿದ ಗುರುತೂ ಇರಲಿಲ್ಲ. ಆದರೂ ಸ್ಟಾರ್ಟರಿಗೆ ಹೋಗುವ ಸಣ್ಣ ತಂತಿಯನ್ನು ಪೂರ್ತಿ ಹೊಸದಾಗಿ ಎಳೆದೆ. ಇನ್ನು ಇದಕ್ಕೆ ಕೆಡಲು ಏನೂ ಉಳಿದಿಲ್ಲ ಎಂದು ಡ್ರೈವರನಿಗೆ ಧೈರ್ಯ ಹೇಳಿ ಕಳಿಸಿದೆ. ಮರುದಿನವೇ ವ್ಯಾನ್ ಪರೇಲಿನಲ್ಲಿ ನಿಂತಿತು.

ಆ ಸಂಜೆ ಟ್ರಸ್ಟಿನ ಮ್ಯಾನೇಜರ್ ಗ್ಯಾರೇಜಿಗೆ ಬಂದರು. ಜೋರು ಮಾತಿನವರಲ್ಲ. ಅಂದು ಮಾತ್ರ ನಿಂತುಕೊಂಡೇ ಮಾತಾಡಿದರು.

"ಸಬ್ ಡ್ರೈವರ್ ಕಾ ನಾಟಕ್ ಹೈ," ಎಂದರು. ಎರಡನೇ ಸುತ್ತಿನ ಹೊತ್ತಿಗೆ ಅವನಿಗೆ ಸೋಮಾರಿತನ, ಬೇಕೆಂದೇ ಏನೋ ಮಾಡಿ ನಿಲ್ಲಿಸುತ್ತಾನೆ; ನಿಮ್ಮ ಮುಂದೆ ಯಾಕೆ ಒಂದು ದಿನವೂ ನಿಲ್ಲುವುದಿಲ್ಲ? ಇದು ಅವರ ವಾದ. "ಗಾಡಿಯಲ್ಲಿ ದೋಷವಿಲ್ಲ ಎಂದು ನೀವು ಒಂದು ಮಾತು ಹೇಳಿ. ನಾನು ಬೇರೆ ಡ್ರೈವರ್ ನೋಡುತ್ತೇನೆ."

ಡ್ರೈವರ್ ಅಲ್ಲೇ ಗೇಟಿನ ಹತ್ತಿರ ನಿಂತಿದ್ದ. ಮ್ಯಾನೇಜರ್ ಹೋದ ಮೇಲೆ ಹತ್ತಿರ ಬಂದ.

"ನಿಮಗೂ ಹಂಗ ಅನಸ್ತೈತೇನ್ರಿ ಅಣ್ಣಾರ?"

ಇಲ್ಲ ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ. ಹೌದು ಎನ್ನಲು ಮನಸ್ಸು ಬರಲಿಲ್ಲ. "ನಾಳೆಯಿಂದ ನಾನೂ ವ್ಯಾನಿನಲ್ಲಿ ಬರ್ತೇನೆ," ಎಂದೆ.

ಹೊರಡುವ ಮೊದಲು ಒಂದು ಸಣ್ಣ ಏರ್ಪಾಡು ಮಾಡಿದೆ. ಸ್ಟಾರ್ಟರಿನ ಬೆನ್ನ ಮೇಲೆ ಸಣ್ಣ ಡಬ್ಬಿಯಂತೆ ಸೊಲೆನಾಯ್ಡ್ ಕೂತಿರುತ್ತದೆ. ಕೀಯಿಂದ ಬಂದ ಕರೆಂಟು ಅದರ ಸುರುಳಿಗೆ ಬಿದ್ದರೆ ಒಳಗಿನ ಕಬ್ಬಿಣದ ತುಂಡು ಟಕ್ಕೆಂದು ಎಳೆದುಕೊಳ್ಳುತ್ತದೆ, ಆಗ ಬ್ಯಾಟರಿಯ ದೊಡ್ಡ ಕರೆಂಟು ಮೋಟರಿಗೆ ಹರಿಯುತ್ತದೆ. ಆ ಸುರುಳಿಯ ಬಾಯಿಂದ ಒಂದು ತಂತಿ ತೆಗೆದು ಡ್ರೈವರನ ಮುಂದೆ ಒಂದು ಬಲ್ಬಿಗೂ ಮೀಟರಿಗೂ ಜೋಡಿಸಿದೆ. ಗಾಡಿ ಕೈಕೊಟ್ಟಾಗ ಕೀ ತಿರುಗಿಸಿಯೂ ಬಲ್ಬು ಉರಿಯದಿದ್ದರೆ ದೋಷ ಕರೆಂಟು ಬರುವ ದಾರಿಯಲ್ಲಿದೆ. ಉರಿದರೆ ದೋಷ ಸ್ಟಾರ್ಟರಿನಲ್ಲೇ ಇದೆ.

ಮೊದಲ ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಬಿಸಿಲು ಜೋರಿತ್ತು. ಹೈವೇಯಲ್ಲಿ ಒಂದೇ ಸಮನೆ ಓಡಿ, ಸಾಯನ್ ಸೇತುವೆಯ ಕೆಳಗೆ ಟ್ರಾಫಿಕ್ಕಿನಲ್ಲಿ ಕುದ್ದು ಪರೇಲ್ ತಲುಪಿದೆವು. ಗೇಟಿನ ಎದುರು ಇಂಜಿನ್ ಆಫ್ ಮಾಡಲೇಬೇಕು, ವಾಚ್‌ಮನ್ ಬಿಡುವುದಿಲ್ಲ. ಗಾಲಿಕುರ್ಚಿ ತರಿಸಿ ಒಬ್ಬೊಬ್ಬರನ್ನೇ ಇಳಿಸಿ, ಹೋಗುವವರನ್ನು ಹತ್ತಿಸುವ ಹೊತ್ತಿಗೆ ಸುಮಾರು ಸಮಯವಾಯಿತು. ಡ್ರೈವರ್ ಕೀ ತಿರುಗಿಸಿದ. ಬಲ್ಬು ಫಳ್ಳನೆ ಉರಿಯಿತು. ಮೀಟರಿನಲ್ಲಿ ಪೂರ್ತಿ ವೋಲ್ಟೇಜು. ಗಾಡಿ ಗಪ್‌ಚುಪ್.

ಇನ್ನೊಮ್ಮೆ ತಿರುಗಿಸಲು ಹೇಳಿದೆ. ಮತ್ತೆ ಬಲ್ಬು ಉರಿಯಿತು, ಮತ್ತೆ ಸದ್ದಿಲ್ಲ. ಡ್ರೈವರ್ ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು.

ಹಿಂದಿನ ಸೀಟಿನಲ್ಲಿ ಕಲಬುರಗಿಯ ಒಬ್ಬ ಟೀಚರಮ್ಮ ಇದ್ದರು. ಗಂಟಲಿಗೆ ರೇಡಿಯೇಷನ್ ಆಗುತ್ತಿತ್ತು, ದನಿ ಗಾಳಿಯಂತೆ ಬರುತ್ತಿತ್ತು. ಕಿಟಕಿಗೆ ಒದ್ದೆ ಟವೆಲು ಕಟ್ಟಿಕೊಂಡು ಕುಳಿತವರು, "ಅವಸರ ಮಾಡಬ್ಯಾಡ ತಮ್ಮಾ, ನಿನ್ನ ಕೆಲಸ ನೀ ನೋಡ್ಕೊ," ಎಂದರು. ಅಷ್ಟು ಹೇಳಿ ಪ್ಲಾಸ್ಟಿಕ್ ಚೀಲ ಬಾಯಿಗೆ ಹಿಡಿದು ವಾಂತಿ ಮಾಡಿಕೊಂಡರು. ನಾನು ಬಾನೆಟ್ ಎತ್ತಿದೆ. ಒಲೆಯ ಬಾಯಿ ತೆರೆದಂತೆ ಬಿಸಿ ಮುಖಕ್ಕೆ ಹೊಡೆಯಿತು. ಆಗ ಹೊಳೆಯಿತು: ಗ್ಯಾರೇಜಿನಲ್ಲಿ ಎಷ್ಟು ಸಲ ಇಂಜಿನ್ ಓಡಿಸಿ ಪರೀಕ್ಷಿಸಿದ್ದರೂ ಬಾನೆಟ್ ತೆರೆದೇ ಇರುತ್ತಿತ್ತು. ಇಲ್ಲಿ ಮುಚ್ಚಿದ ಬಾನೆಟ್ಟಿನೊಳಗೆ ಸ್ಟಾರ್ಟರ್ ಬೇಯುತ್ತಿತ್ತು. ನಾನು ಸ್ಕೂಟರಿನಲ್ಲಿ ಬಂದು ತಲುಪುವಷ್ಟರಲ್ಲಿ ಅದು ತಣ್ಣಗಾಗಿರುತ್ತಿತ್ತು.

ವ್ಯಾನನ್ನು ತಳ್ಳಿಸಿ ಸ್ಟಾರ್ಟ್ ಮಾಡಿಕೊಂಡು ಘಾಟ್ಕೋಪರಿಗೆ ಬಂದೆವು. ಸ್ಟಾರ್ಟರ್ ಇಳಿಸಿ ಬೆಂಚಿನ ಮೇಲಿಟ್ಟು, ತಣ್ಣಗಾದ ಮೇಲೆ ಸೊಲೆನಾಯ್ಡಿಗೆ ಬ್ಯಾಟರಿ ಮುಟ್ಟಿಸಿದೆ. ಟಕ್ ಎಂದಿತು. ತಗಡಿನ ಡಬ್ಬದೊಳಗೆ ದೊಡ್ಡ ಬಲ್ಬು ಉರಿಸಿ, ಅದರ ಪಕ್ಕದಲ್ಲಿಟ್ಟು ಕೈ ಸುಡುವಷ್ಟು ಕಾಯಿಸಿ ಮತ್ತೆ ಮುಟ್ಟಿಸಿದೆ. ಸದ್ದೇ ಇಲ್ಲ. ಹೊಸ ಸ್ಟಾರ್ಟರ್ ಇಷ್ಟಕ್ಕೆಲ್ಲ ಸೋಲುವುದಿಲ್ಲ. ಕಂಪನಿಯಿಂದಲೇ ಒಂದು ಕೆಟ್ಟದ್ದು ಬಂದಿರಬೇಕು ಎಂದುಕೊಂಡು ಗೆಳೆಯನಿಗೆ ಫೋನು ಮಾಡಿದೆ.

"ಬಿಚ್ಚಿದ್ದಿಯಾ?" ಎಂದು ಕೇಳಿದ. ಅದೇ ಅವನ ಮೊದಲ ಪ್ರಶ್ನೆ.

"ಇಲ್ಲ."

"ಬಿಚ್ಚಬೇಡ ಮಾರಾಯ. ಸೀಲು ಒಡೆದ್ರೆ ಕಂಪನಿಯವರು ವಾಪಸ್ ತಗೊಳ್ಳುದಿಲ್ಲ. ಹಾಗೇ ತಾ, ನಾನು ಬೇರೆ ಕೊಡ್ತೇನೆ."

ಮಾತು ನ್ಯಾಯವಾಗಿಯೇ ಇತ್ತು. ಸ್ಟಾರ್ಟರನ್ನು ಗೋಣಿಚೀಲಕ್ಕೆ ತುಂಬಿದೆ. ಆಮೇಲೆ ಚೀಲದ ಬಾಯಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತೆ. ಮ್ಯಾನೇಜರ್ ನಾಳೆ ಕೇಳುತ್ತಾರೆ: ದೋಷ ಏನಿತ್ತು? ಗೊತ್ತಿಲ್ಲ, ಬದಲಿಸಿದೆ ಎಂದರೆ ಅವರು ನಂಬುವುದು ಕಷ್ಟ. ಇದುವರೆಗೆ ಬದಲಿಸಿದ್ದಕ್ಕೆಲ್ಲ ಅದೇ ಮಾತು ಹೇಳಿದ್ದೆ. ಡ್ರೈವರನ ಹೆಸರು ಉಳಿಯಬೇಕಾದರೆ ಇಲ್ಲಿದೆ ನೋಡಿ ಎಂದು ಬೆರಳಿಟ್ಟು ತೋರಿಸಬೇಕು. ಜೊತೆಗೆ, ಇಷ್ಟು ದಿನ ನನ್ನನ್ನು ಓಡಾಡಿಸಿದ್ದು ಯಾವುದು ಎಂದು ಕಣ್ಣಾರೆ ನೋಡುವ ಹಟವೂ ಇತ್ತು. ಕಂಪನಿಯವರು ವಾಪಸ್ ತೆಗೆದುಕೊಳ್ಳದಿದ್ದರೆ ನಷ್ಟ ನನ್ನದು ಎಂದುಕೊಂಡು ಚೀಲದಿಂದ ಹೊರತೆಗೆದು ಸ್ಕ್ರೂ ಬಿಚ್ಚಿದೆ.

ಮುಚ್ಚಳ ತೆಗೆದ ಕೂಡಲೇ ಸುಟ್ಟ ವಾರ್ನಿಶ್ ವಾಸನೆ ಬಂತು. ಸುರುಳಿಯ ತಂತಿ ಹಳತಾಗಿ ಕಂದಿತ್ತು. ಅದರ ಮೇಲೆ ಹೊಸ ವಾರ್ನಿಶ್ ಬಳಿದಿದ್ದರು. ಒಳಗಿನ ತಾಮ್ರದ ಬೋಲ್ಟುಗಳ ಕರಕಲಾದ ಬದಿಯನ್ನು ಹಿಂದಕ್ಕೆ ತಿರುಗಿಸಿ, ನಯವಾದ ಬದಿ ಮುಂದೆ ಬರುವಂತೆ ಕೂರಿಸಿದ್ದರು. ಮೋಟರಿನೊಳಗೆ ಬ್ರಷ್ ಮಾತ್ರ ಹೊಸತು. ಇದು ಹಳೇ ಮಾಲು, ಹೊಸ ಡಬ್ಬಿಯಲ್ಲಿ ಬಂದದ್ದು.

ಅಯ್ಯೋ, ಗೆಳೆಯನಿಗೆ ಯಾರೋ ಟೋಪಿ ಹಾಕಿದ್ದಾರೆ ಎಂದು ಮೊದಲು ನನಗೆ ಅವನ ಬಗ್ಗೆ ಕನಿಕರವೇ ಆಯಿತು. ಅವನಿಗೆ ತೋರಿಸಲು ಸಾಕ್ಷಿ ಇರಲಿ ಎಂದು ಥಿನ್ನರ್ ಅದ್ದಿದ ಬಟ್ಟೆಯಿಂದ ಹೊರಗಿನ ಬೆಳ್ಳಿ ಬಣ್ಣ ಒರೆಸತೊಡಗಿದೆ. ಬಣ್ಣದ ಅಡಿಯಲ್ಲಿ ಹಳೆಯ ಎಣ್ಣೆ ಕರೆ. ಇಂಜಿನ್ನಿಗೆ ಬೋಲ್ಟ್ ಬಿಗಿಯುವ ಕಿವಿಯ ಹತ್ತಿರ ಒರೆಸಿದಾಗ ಮೂರು ಚುಕ್ಕೆಗಳು ಕಂಡವು.

ಗಾಡಿಯಿಂದ ಇಳಿಸಿದ ಹಳೇ ಸ್ಟಾರ್ಟರ್ ಹೊಸದರ ಜೊತೆ ಬೆರೆಯಬಾರದೆಂದು ನಾನು ಪಂಚ್ ಇಟ್ಟು ಸುತ್ತಿಗೆಯಿಂದ ಮೂರು ಚುಕ್ಕೆ ಹೊಡೆಯುತ್ತೇನೆ, ಅದೇ ಕಿವಿಯ ಮೇಲೆ, ಓರೆಯಾಗಿ. ಹೀಗೆ ಇಳಿಸಿದ ಹಳೆಯದನ್ನೆಲ್ಲ ಗುಜರಿಗೆ ಹಾಕಲು ಒಯ್ಯುತ್ತಿದ್ದವನು ಗೆಳೆಯ. ನಾನು ಮುಗಿದುಹೋಯಿತೆಂದು ಬಿಸಾಡಿದ್ದನ್ನೇ ನನ್ನ ಕೈಯಿಂದ ಮತ್ತೊಂದು ಗಾಡಿಗೆ ಹಾಕಿಸಿದ್ದ. ಅದು ಯಾವ ಗಾಡಿಯದ್ದೋ ಎಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಒಂದು ಡಬ್ಬಿಗೆ ಹಾಕಿ, ಸ್ಟಾರ್ಟರನ್ನು ಬಿಚ್ಚಿದ ಹಾಗೇ ಚೀಲಕ್ಕೆ ತುಂಬಿದೆ.

ಮರುದಿನ ಮಧ್ಯಾಹ್ನ ದಾದರಿಗೆ ಹೋದೆ. ಅವನು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ. ಚೀಲದಿಂದ ಬಿಚ್ಚಿದ ಸ್ಟಾರ್ಟರ್ ತೆಗೆದು ಕೌಂಟರಿನ ಮೇಲಿಟ್ಟೆ.

"ಬಿಚ್ಚಬೇಡ ಅಂತ ಹೇಳಿದ್ನಲ್ಲ," ಎಂದ. ಒಳಗೆ ಇಣುಕಿ ನೋಡಿ ಹಣೆ ಹೊಡೆದುಕೊಂಡ. "ನೋಡು, ಈ ಡಿಸ್ಟ್ರಿಬ್ಯೂಟರ್ ಜನ! ಎಂಥ ಕಳ್ಳರು. ನಂಗೇ ಮೋಸ."

ನಾನು ಸ್ಟಾರ್ಟರನ್ನು ತಿರುಗಿಸಿ ಮೂರು ಚುಕ್ಕೆ ಅವನ ಕಡೆ ಮಾಡಿದೆ. ಅವನಿಗೆ ಅದರ ಅರ್ಥ ಗೊತ್ತಿತ್ತು. ನೋಡಿದ, ಕಣ್ಣು ತೆಗೆದು ಕಪಾಟಿನ ಕಡೆ ನೋಡಿದ.

ಅಷ್ಟರಲ್ಲಿ ಒಬ್ಬ ಮೆಕ್ಯಾನಿಕ್ ಬಂದ. ಮರಾಠಿಯವನು, ನನಗೆ ಪರಿಚಯವಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೇಳಿದ. ಡಬ್ಬಿ ಕೊಟ್ಟರೆ ಅಲ್ಲೇ ಬಿಚ್ಚಿ, ಶಾಫ್ಟ್ ತಿರುಗಿಸಿ, ಮೊಬೈಲಿನ ಟಾರ್ಚ್ ಹಾಕಿ ಒಳಗೆ ನೋಡಿ, ಡಬ್ಬಿಯ ಮೇಲಿನ ನಂಬರಿಗೂ ಮೈಮೇಲಿನ ನಂಬರಿಗೂ ತಾಳೆ ನೋಡಿದ. ನನ್ನ ಗೆಳೆಯ ಬೇಸರಿಸಿಕೊಳ್ಳದೆ ಕಾದ. ಆ ಮೆಕ್ಯಾನಿಕ್ ಹೋದ ಮೇಲೆ ಕೇಳಿದೆ.

"ಅವನಿಗೆ ಕೊಟ್ಟದ್ದು ಅಸಲಿಯಾ?"

"ಅಸಲಿಯೇ. ಅವ ಬಿಚ್ಚಿ ನೋಡುವ ಜನ."

"ಮತ್ತೆ ನಾನು?"

ಅವನು ಕೌಂಟರಿನ ಮೇಲಿದ್ದ ಬಿಲ್ಲುಗಳನ್ನು ಜೋಡಿಸಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. "ಜನ ಎಲ್ಲ ಮೊಬೈಲಲ್ಲಿ ತರಿಸ್ತಾರೆ ಈಗ. ಅಂಗಡಿ ನಡಿಬೇಕಲ್ಲ. ನೋಡುವವರಿಗೆ ಅಸಲಿ ಕೊಡಲೇಬೇಕು, ಇಲ್ಲದಿದ್ರೆ ಬಾಗಿಲು ಹಾಕಬೇಕಾಗ್ತದೆ. ನೀನು ನೋಡುದಿಲ್ಲ ಅಂತ ನಂಗೆ ಗೊತ್ತಿತ್ತು."

"ನಾನು ನೋಡದೇ ಇದ್ದದ್ದು, ಕೊಟ್ಟವ ನೀನು ಅಂತ."

"ಗೊತ್ತುಂಟು."

"ಒಂದೇನಾ, ಇನ್ನೂ ಉಂಟಾ?"

ಅವನು ಎದ್ದು ಕಪಾಟಿನ ಬಾಗಿಲು ಹಾಕಿದ. ಬಯ್ಯಬೇಕೆಂದು ರೈಲಿನಲ್ಲಿ ಎಷ್ಟೋ ಮಾತು ಜೋಡಿಸಿಕೊಂಡು ಬಂದಿದ್ದೆ. ಆ ವ್ಯಾನಿನಲ್ಲಿ ಯಾರು ಓಡಾಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು, ನಾನೇ ಹೇಳಿದ್ದೆ. ಟೀಚರಮ್ಮ ವಾಂತಿ ಮಾಡಿಕೊಂಡದ್ದನ್ನು ಹೇಳೋಣವೆನ್ನಿಸಿತು. ಹೇಳಲಿಲ್ಲ. ಸ್ಟಾರ್ಟರನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

"ಊಟ ಮಾಡಿ ಹೋಗು ಮಾರಾಯ," ಎಂದ. ದನಿ ಎಂದಿನಂತೆಯೇ ಇತ್ತು. ನನ್ನನ್ನು ಹೆಚ್ಚು ಸುಟ್ಟದ್ದು ಅದು.

ಹೊಸ ಸ್ಟಾರ್ಟರನ್ನು ಕುರ್ಲಾದಲ್ಲಿ ಗುರುತಿಲ್ಲದ ಒಂದು ಅಂಗಡಿಯಿಂದ ತಂದೆ. ಬಿಚ್ಚಿ ನೋಡಬೇಕು ಎಂದಾಗ ಅಂಗಡಿಯವನು ತಾನೇ ಸ್ಕ್ರೂಡ್ರೈವರ್ ಎತ್ತಿಕೊಟ್ಟ. ಒಳಗೆ ತಾಮ್ರ ಕೆಂಪಗೆ ಹೊಳೆಯುತ್ತಿತ್ತು. ನನ್ನ ಹೆಸರೂ ತಿಳಿಯದವನು ಒಳ್ಳೆಯ ಮಾಲು ಕೊಟ್ಟ. ವ್ಯಾನಿಗೆ ಕೂರಿಸಿ, ಬಾನೆಟ್ ಮುಚ್ಚಿಯೇ ಹೈವೇಯಲ್ಲಿ ಥಾಣೆಯವರೆಗೆ ಓಡಿಸಿ ತಂದು, ಬಿಸಿಲಲ್ಲಿ ನಿಲ್ಲಿಸಿ, ಕಾದು, ಕೀ ತಿರುಗಿಸಿದೆ. ಎಷ್ಟು ಸಲ ತಿರುಗಿಸಿದರೂ ಸ್ಟಾರ್ಟ್ ಆಯಿತು.

ಮ್ಯಾನೇಜರಿಗೆ ಹಳೆಯ ಸೊಲೆನಾಯ್ಡನ್ನು ಬೆರಳಿಟ್ಟು ತೋರಿಸಿದೆ. ದೋಷ ನಾನು ಹಾಕಿದ ಸಾಮಾನಿನಲ್ಲಿತ್ತು, ಡ್ರೈವರನ ತಪ್ಪು ಏನೂ ಇಲ್ಲ ಎಂದೆ. ಎಲ್ಲಿಂದ ತಂದದ್ದು ಎಂದು ಕೇಳಿದರು. ಅಂಗಡಿಯ ಹೆಸರು ಹೇಳಿದೆ. ಆಮೇಲೆ ದಾದರಿನ ಡಬ್ಬಿಗಳು ಹೋಗಿದ್ದ ಗಾಡಿಗಳ ಮಾಲೀಕರನ್ನು ನೆನಪಿಸಿಕೊಂಡು ಒಬ್ಬೊಬ್ಬರಿಗೇ ಫೋನು ಮಾಡಿ ಗಾಡಿ ತನ್ನಿ, ನೋಡಬೇಕು ಎಂದೆ. ಕೆಲವರು ತಂದರು. ಕೆಲವು ಗಾಡಿಗಳಲ್ಲಿ ಮಾಲು ಅಸಲಿಯಾಗಿತ್ತು, ಕೆಲವುಗಳಲ್ಲಿ ಆಗಿರಲಿಲ್ಲ. ಚೆನ್ನಾಗಿ ಓಡುವ ಗಾಡಿಯನ್ನು ಕರೆದು ಬಿಚ್ಚುವ ಗ್ಯಾರೇಜಿನವನ ಮೇಲೆ ಅನುಮಾನಪಟ್ಟು ಕೆಲವರು ಮತ್ತೆ ಬರಲೇ ಇಲ್ಲ. ಗೆಳೆಯ ಎರಡು ಮೂರು ಸಲ ಫೋನು ಮಾಡಿದ. ನಾನು ಎತ್ತಲಿಲ್ಲ.

ವ್ಯಾನಿಗೆ ಜೋಡಿಸಿದ್ದ ಬಲ್ಬು ತೆಗೆಯುವುದು ಬಾಕಿಯಿತ್ತು. ಒಂದು ಬೆಳಿಗ್ಗೆ ಡ್ರೈವರ್ ಬಂದು ನಿಲ್ಲಿಸಿದ. ಪರೇಲಿನಲ್ಲಿ ಈಗ ಒಂದು ದಿನವೂ ನಿಂತಿಲ್ಲ, ಟೀಚರಮ್ಮನಿಗೆ ಇನ್ನು ಕೆಲವೇ ದಿನದ ಚಿಕಿತ್ಸೆ ಉಳಿದಿದೆ, ಎಂದ. ಬಲ್ಬಿನ ತಂತಿ ಎಳೆಯಲು ಸೀಟಿನ ಕೆಳಗೆ ಕೈ ಹಾಕಿದಾಗ ದಪ್ಪನೆಯ ಹೊಸ ನೈಲಾನ್ ಹಗ್ಗದ ಸುರುಳಿ ಸಿಕ್ಕಿತು. ಗಾಡಿ ಎಳೆಯುವ ಹಗ್ಗ.

"ಇದೆಂತಕ್ಕೆ? ಇನ್ನು ನಿಲ್ಲುವುದಿಲ್ಲ ಅದು," ಎಂದೆ.

ಅವನಿಗೆ ಮುಜುಗರವಾಯಿತು. "ಇರ್ಲಿ ಬಿಡ್ರಿ ಅಣ್ಣಾರ. ನಿಮ್ಮ ಮ್ಯಾಗ ನಂಬಿಕಿ ಇಲ್ಲ ಅಂತಲ್ಲ. ಮತ್ತ ನೀವು ಯಾರನ್ನರ ನಂಬಿ ತಂದಿರ್ತೀರಿ."

ನಾನು ಹಗ್ಗವನ್ನು ಮತ್ತೆ ಸೀಟಿನ ಕೆಳಗೆ, ಕೈಗೆ ಸಿಗುವಂತೆ ಸರಿಸಿಟ್ಟೆ.